ಅಯಸ್ಕಾಂತ ನುಂಗಿದ ಮಗುವಿಗೆ ಬಾಳೆಹಣ್ಣು ಮದ್ದಲ್ಲ

ಮಗು ನಾಣ್ಯ ನುಂಗಿತೆಂದರೆ ನಮ್ಮ ಮನೆಗಳ ಹಿರಿಯರು ಅಷ್ಟಾಗಿ ಗಾಬರಿಗೊಳ್ಳುವುದಿಲ್ಲ. ಎರಡು ಬಾಳೆಹಣ್ಣು ತಿನ್ನಿಸಿರಿ, ನಾಳೆ ನಾಡಿದ್ದರಲ್ಲಿ ತಾನಾಗಿ ಹೊರಬೀಳುತ್ತದೆ ಎನ್ನುತ್ತಾರೆ. ನಾಣ್ಯವು ಅನ್ನನಾಳದಲ್ಲಿ ಸಿಕ್ಕಿಕೊಳ್ಳದೆ ಜಠರಕ್ಕೆ ಇಳಿದಿದ್ದರೆ ಬಹುಮಟ್ಟಿಗೆ ಆಗುವುದೂ ಹಾಗೆಯೇ. ಈ ಅನುಭವವನ್ನು ನಾವು ಹೀಗಳೆಯುವುದಿಲ್ಲ. ಆದರೆ ಅದೇ ಧೈರ್ಯವನ್ನು ಅಯಸ್ಕಾಂತದ ವಿಷಯದಲ್ಲಿಯೂ ತೋರುವುದು ಮಗುವಿನ ಪ್ರಾಣಕ್ಕೆ ಸಂಚಕಾರ ತರಬಲ್ಲದು.

ಶಾಲೆಯಲ್ಲಿ ನಾವು ಕಂಡ ಕುದುರೆಲಾಳದಾಕಾರದ ಅಯಸ್ಕಾಂತವೇ ಬೇರೆ, ಇಂದಿನದೇ ಬೇರೆ. 1980ರ ದಶಕದಲ್ಲಿ ರೂಪುಗೊಂಡ ನಿಯೋಡಿಮಿಯಮ್ ಅಯಸ್ಕಾಂತವು ಬಟಾಣಿಕಾಳಿನಷ್ಟಿದ್ದರೂ ಅದರ ಸೆಳೆತ ಬಹಳ ಬಲವಾದುದು. ಹೊಳೆಯುವ ಗುಂಡುಮಣಿಗಳಾಗಿ ಅದು ಮನೆ ಸೇರುತ್ತಿದೆ. ಹಸುಗೂಸುಗಳಷ್ಟೇ ಅಲ್ಲ, ಎರಡು ಮಣಿಗಳನ್ನು ಮೂಗುತಿಯಂತೆ ಅಂಟಿಸಿಕೊಳ್ಳಲು ಹೋಗಿ ನುಂಗಿಬಿಡುವ ದೊಡ್ಡ ಮಕ್ಕಳೂ ಇದ್ದಾರೆ.

ಒಂದೇ ಅಯಸ್ಕಾಂತವಾದರೆ ಸಾಮಾನ್ಯವಾಗಿ ಹೊರಬೀಳುತ್ತದೆ. ಎರಡಾದರೆ, ಇಲ್ಲವೆ ಒಂದು ಅಯಸ್ಕಾಂತದ ಜೊತೆಗೆ ಕಬ್ಬಿಣದ ಚೂರೊಂದು ಸೇರಿದರೆ, ಅಪಾಯ. ಕರುಳು ಸುರುಳಿಸುರುಳಿಯಾಗಿ ಮಡಿಚಿಕೊಂಡಿರುವ ನಾಳ. ಒಂದು ಮಡಿಕೆಯಲ್ಲಿರುವ ಮಣಿ ಪಕ್ಕದ ಮಡಿಕೆಯಲ್ಲಿರುವ ಮಣಿಯನ್ನು ಸೆಳೆದು ಕಚ್ಚಿಕೊಳ್ಳುತ್ತದೆ. ನಡುವೆ ಸಿಕ್ಕ ಕರುಳಿನ ಗೋಡೆಗೆ ರಕ್ತ ಹರಿಯದೆ ಅದು ಸತ್ತು ತೂತಾಗುತ್ತದೆ. ಮಲವು ಹೊಟ್ಟೆಯೊಳಗೆ ಸೋರಿ ನಂಜೇರುತ್ತದೆ. ಮೊದಮೊದಲು ಮಗು ಆಡಿಕೊಂಡೇ ಇರುತ್ತದೆ, ಆಮೇಲೆ ಹೊಟ್ಟೆನೋವು, ವಾಂತಿ. ಅಜೀರ್ಣವೆಂದು ಹರಳೆಣ್ಣೆ ಕುಡಿಸಿ ದಿನ ಕಳೆಯುವುದು ಇಲ್ಲಿಯೇ.

ಆದುದರಿಂದ ನುಂಗಿದ ಶಂಕೆ ಬಂದ ಕೂಡಲೇ, ರಾತ್ರಿಯಾಗಿದ್ದರೂ, ಶಸ್ತ್ರಚಿಕಿತ್ಸೆಯ ಸೌಕರ್ಯವುಳ್ಳ ಆಸ್ಪತ್ರೆಗೆ ಹೋಗತಕ್ಕದ್ದು. ವಾಂತಿ ಮಾಡಿಸಬಾರದು. ದಾರಿಯಲ್ಲಿ ಏನನ್ನೂ ತಿನ್ನಿಸಬಾರದು, ಕುಡಿಸಬಾರದು. ಅರಿವಳಿಕೆ ಕೊಡಲು ಹೊಟ್ಟೆ ಬರಿದಾಗಿದ್ದರೆ ಒಳಿತು. ಅಂಟಿಕೊಂಡ ಎರಡು ಮಣಿಗಳು ಒಂದೇ ಎಂಬಂತೆ ಕಾಣಬಹುದಾದ್ದರಿಂದ ಎಕ್ಸ್-ರೇಯನ್ನು ಮುಂದಿನಿಂದಲೂ ಪಕ್ಕದಿಂದಲೂ ತೆಗೆಯುತ್ತಾರೆ. ಎಂಆರ್‌ಐ ಮಾತ್ರ ಕೂಡದು. ಮಣಿಗಳು ಜಠರದಲ್ಲಿರುವಾಗಲೇ ಸಿಕ್ಕರೆ ಎಂಡೋಸ್ಕೋಪಿ ಕೊಳವೆಯನ್ನು ಬಾಯಿಯಿಂದ ಇಳಿಸಿ ಹೊರತೆಗೆಯಬಹುದು. ಕೆಳಗೆ ಜಾರಿದ ಮೇಲೆ ಮತ್ತೆ ಮತ್ತೆ ಎಕ್ಸ್-ರೇ ತೆಗೆದು ಕಾಯಬೇಕು. ಮುಂದೆ ಸರಿಯದಿದ್ದರೆ ಅಥವಾ ನೋವು ಕಾಣಿಸಿಕೊಂಡರೆ ಹೊಟ್ಟೆ ಕೊಯ್ಯಬೇಕಾದೀತು. ಕೆಲವು ಗಂಟೆಗಳ ತಡವು ತರುವ ವ್ಯತ್ಯಾಸ ಇದು.

2021ರ ಜನವರಿಯಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ದೊಡ್ಡವರ ಬೇಸರ ಕಳೆಯುವ ವಸ್ತುವೆಂದು ಮಾರುವ ಮಣಿಗಳನ್ನು ಆಟಿಕೆಯೆಂದು ಯಾರು ಎಣಿಸುತ್ತಾರೆ? ಮಕ್ಕಳಿರುವ ಮನೆಗೆ ಅವು ಬರಲೇಬಾರದೆಂದು ನಾವು ಹೇಳುತ್ತೇವೆ.

ಇನ್ನೊಂದು ಮಾತು. ಬೈಗುಳಕ್ಕೆ ಅಂಜಿದ ಮಗು ನುಂಗಿದ್ದನ್ನು ಬಚ್ಚಿಡುತ್ತದೆ. ಏಕೆ ನುಂಗಿದೆ ಎಂದು ಗದರುವುದನ್ನು ಬಿಟ್ಟು, ಎಷ್ಟು ನುಂಗಿದೆ, ಯಾವಾಗ ಎಂದು ಮೆಲ್ಲಗೆ ಕೇಳಿರಿ. ಉಳಿದ ಮಣಿಗಳನ್ನು ಎಣಿಸಿ, ಡಬ್ಬಿಯ ಸಮೇತ ವೈದ್ಯರ ಬಳಿಗೆ ಒಯ್ಯಿರಿ.