ಉಳುಕಿದ ಕಾಲು

ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿಯೋ, ಕತ್ತಲೆಯಲ್ಲಿ ಕಾಣದೆ ಹೋದ ಮೆಟ್ಟಿಲಿನಲ್ಲಿಯೋ, ಹುಡುಗರ ಕಬಡ್ಡಿಯ ಕಣದಲ್ಲಿಯೋ ಒಬ್ಬರಾದರೂ ಕಾಲು ಉಳುಕಿಸಿಕೊಳ್ಳದೆ ವರ್ಷ ಕಳೆದ ಮನೆ ಅಪೂರ್ವವೆಂದೇ ಹೇಳಬೇಕು. ಉಳುಕಿದೊಡನೆ ಮನೆಯವರೆಲ್ಲರೂ ವೈದ್ಯರಾಗುತ್ತಾರೆ. ಅಜ್ಜಿ ಎಣ್ಣೆಯ ಬಟ್ಟಲನ್ನು ತಂದು ತಿಕ್ಕಲು ಕೂರುತ್ತಾಳೆ; ಚಿಕ್ಕಪ್ಪ ಪಾದವನ್ನು ಹಿಡಿದೆಳೆದು 'ಲಟಕ್ಕೆ'ನಿಸಲು ನೋಡುತ್ತಾನೆ; ನೆರೆಮನೆಯವರು ಬಿಸಿನೀರಿನ ಕಾವು ಕೊಡಿರೆನ್ನುತ್ತಾರೆ. ಇವರ ಅಂತಃಕರಣದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಮೊದಲನೆಯ ದಿನ ಮಾಡಬಾರದ ಕೆಲಸಗಳಾವುವೆಂದು ಯಾರಾದರೂ ಕೇಳಿದರೆ ಈ ಮೂರನ್ನೇ ಹೇಳಬೇಕಾಗಿದೆ. ಅದು ಏಕೆಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಮೊದಲು ಒಂದು ಶಬ್ದದ ಮಾತು. ಈಗಿನ ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡವೆಂದು ರೂಢಿಯಾಗಿದೆ. ಸುಶ್ರುತ ಸಂಹಿತೆಯಲ್ಲಾದರೋ ಮಾಂಸಖಂಡಕ್ಕೆ ಪೇಶಿಯೆಂದು ಹೆಸರು. ಸ್ನಾಯುವೆಂದರೆ ಕೀಲುಗಳನ್ನು ಬಿಗಿದಿರುವ ಕಟ್ಟು. ಹಗ್ಗಗಳಿಂದ ಹಲಗೆಗಳನ್ನು ಬಿಗಿದ ದೋಣಿಗೆ ದೇಹವನ್ನು ಹೋಲಿಸಿ, ಆ ಕಟ್ಟುಗಳಿಂದಲೇ ಅದು ಭಾರವನ್ನು ತಾಳುತ್ತದೆಂದು ಅಲ್ಲಿ ಹೇಳಿದೆ. ಇಂದಿನ ವೈದ್ಯರು ಅಸ್ಥಿರಜ್ಜುವೆಂದು ಕರೆಯುವುದು ಇಂಥ ಕಟ್ಟನ್ನೇ. ಪಾದವೂ ಕಾಲೂ ಕೂಡುವ ಹರಡಿನ ಹೊರಮಗ್ಗುಲಲ್ಲಿ ಇಂಥ ರಜ್ಜುಗಳು ಮುಖ್ಯವಾಗಿ ಮೂರು. ಅಂಗಾಲು ಒಳಕ್ಕೆ ಮಗುಚಿ ಮೈಭಾರವೆಲ್ಲ ಪಾದದ ಹೊರ ಅಂಚಿನ ಮೇಲೆ ಬಿದ್ದಾಗ, ಅವುಗಳಲ್ಲಿ ಮುಂದಿನದು ಸಾಮಾನ್ಯವಾಗಿ ಮೊದಲು ಹರಿಯುತ್ತದೆ.

ಉಳುಕಿನಲ್ಲಿ ಕೀಲು ತನ್ನ ಸ್ಥಾನವನ್ನು ಬಿಟ್ಟಿರುವುದಿಲ್ಲ. ಹಗ್ಗದ ಎಳೆಗಳು ಹರಿದಿರುತ್ತವೆ. ಹರಿದುದನ್ನು ಮತ್ತೆ ಎಳೆದರೆ ಕೂಡೀತೆ? ಒಳಗೆ ರಕ್ತವು ಒಸರುತ್ತಿರುವಾಗ ತಿಕ್ಕಿದರೂ ಕಾವು ಕೊಟ್ಟರೂ ಬಾವು ಹೆಚ್ಚುತ್ತದೆ. ತೊಡೆಯ ಅಥವಾ ಮೀನಖಂಡದ ಮಾಂಸವು ಸೆಳೆದು ಹರಿದಾಗಲೂ ಇದೇ ನ್ಯಾಯ. ತೊಡೆಗೆ ಬಲವಾದ ಪೆಟ್ಟು ಬಿದ್ದು ಕಂದಿದ ಜಾಗವನ್ನು ಒತ್ತಿ ತಿಕ್ಕಿದುದರಿಂದ, ಮಾಂಸದೊಳಗೆ ಎಲುಬಿನಂಥ ಗಡ್ಡೆ ಬೆಳೆಯುವುದೂ ಉಂಟು.

ಇದಕ್ಕಿಂತಲೂ ದೊಡ್ಡ ಅಪಾಯವೆಂದರೆ, ಉಳುಕೆಂದು ನಾವು ತಿಳಿದದ್ದು ಎಲುಬಿನ ಮುರಿತವಾಗಿರುವುದು. ಬಾವಿನ ಗಾತ್ರದಿಂದಾಗಲಿ, ಬಿದ್ದಾಗ ಕೇಳಿಸಿದ ಸದ್ದಿನಿಂದಾಗಲಿ ಇದನ್ನು ನಿರ್ಣಯಿಸಲಾಗದು. ಕೆನಡಾ ದೇಶದ ಆಟವಾ ನಗರದ ವೈದ್ಯರು ೧೯೯೨ರಲ್ಲಿ ಪ್ರಕಟಿಸಿದ ಒಂದು ಪರೀಕ್ಷಾಕ್ರಮವು ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಗೃಹಸ್ಥರೂ ಅದನ್ನು ತಿಳಿದಿರುವುದು ಒಳ್ಳೆಯದು. ಪೆಟ್ಟಾದವನು ಕುಂಟಿಕೊಂಡಾದರೂ ೪ ಹೆಜ್ಜೆ ಇಡಬಲ್ಲನೆ? ಹರಡಿನ ಎರಡೂ ಮಗ್ಗುಲಲ್ಲಿ ಉಬ್ಬಿರುವ ಎಲುಬುಗಳ ತುದಿಯನ್ನೂ, ಅಲ್ಲಿಂದ ಮೇಲಕ್ಕೆ ೬ ಸೆಂಟಿಮೀಟರ್‌ವರೆಗೆ ಅವುಗಳ ಹಿಂಭಾಗದ ಅಂಚನ್ನೂ ಒತ್ತಿದರೆ ಎಲುಬಿನಲ್ಲಿಯೇ ನೋವಿದೆಯೆ? ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಎಲುಬನ್ನಾಗಲಿ, ಒಳಮಗ್ಗುಲಲ್ಲಿ ಕಮಾನಿನ ಮೇಲಿರುವ ಎಲುಬನ್ನಾಗಲಿ ಮುಟ್ಟಿದರೆ ನೋಯುವುದೆ? ಹೆಜ್ಜೆ ಇಡಲಾರದಿದ್ದರೆ, ಅಥವಾ ಈ ಎಲುಬುಗಳಲ್ಲೊಂದು ನೋಯುತ್ತಿದ್ದರೆ, ವೈದ್ಯರಲ್ಲಿಗೆ ಹೋಗಿ ಎಕ್ಸ್-ರೇ ತೆಗೆಸತಕ್ಕದ್ದು. ಮಕ್ಕಳ ಎಲುಬು ಇನ್ನೂ ಬೆಳೆಯುತ್ತಿರುವುದರಿಂದಲೂ, ವೃದ್ಧರ ಎಲುಬು ಸವೆದಿರುವುದರಿಂದಲೂ, ಅವರ ವಿಷಯದಲ್ಲಿ ಸ್ವಲ್ಪ ಸಂಶಯವಿದ್ದರೂ ತೋರಿಸುವುದೇ ಲೇಸು. ಕಾಲು ಸೊಟ್ಟಗೆ ತಿರುಗಿದ್ದರೆ, ಪಾದವು ತಣ್ಣಗಾಗಿ ಜೋಮು ಹಿಡಿದಿದ್ದರೆ ಒಂದು ಗಳಿಗೆಯೂ ತಡಮಾಡಬಾರದು.

ಎಲುಬಿಗೆ ಕೇಡಿಲ್ಲವೆಂದು ತಿಳಿದ ಮೇಲೆ ಮನೆಯ ಉಪಚಾರ ಸುಲಭ. ಮೊದಲ ಎರಡು ಮೂರು ದಿನ ಕಾಲಿಗೆ ಭಾರ ಕೊಡದೆ, ಮಲಗಿದಾಗ ಅದನ್ನು ದಿಂಬುಗಳ ಮೇಲೆ ಎದೆಗಿಂತ ಎತ್ತರವಾಗಿರಿಸಬೇಕು. ನೋವು ಶಮನವಾಗಲು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ೧೦-೧೫ ನಿಮಿಷ ಇಡಬಹುದು. ಬರಿಯ ಚರ್ಮದ ಮೇಲೆ ಇಡಬಾರದು. ಹಿಗ್ಗುವ ಪಟ್ಟಿಯನ್ನು ಬೆರಳುಗಳ ಬುಡದಿಂದ ಮೇಲಕ್ಕೆ ಸುತ್ತಬೇಕು. ಕಟ್ಟು ಸಡಿಲವಾದರೆ ಕೀಲಿಗೆ ಸ್ಥೈರ್ಯವಿರದು, ಅತಿ ಬಿಗಿಯಾದರೆ ಬಾವೂ ನೋವೂ ಉಂಟಾಗುವುವೆಂದು ಸುಶ್ರುತ ಸಂಹಿತೆಯ ಭಗ್ನಚಿಕಿತ್ಸೆಯ ಅಧ್ಯಾಯದಲ್ಲಿಯೇ ಎಚ್ಚರಿಸಿದೆ. ಬೆರಳು ನೀಲಿಗಟ್ಟಿದರೆ ಅಥವಾ ಜುಮುಗುಟ್ಟಿದರೆ ಕೂಡಲೇ ಸಡಿಲಿಸತಕ್ಕದ್ದು.

ಹಾಗೆಂದು ತಿಂಗಳುಗಟ್ಟಲೆ ಮಂಚ ಹಿಡಿಯುವುದೂ ತಪ್ಪು. ವಿಶ್ರಾಂತಿ, ಮಂಜುಗಡ್ಡೆ, ಕಟ್ಟು, ಎತ್ತರ ಎಂಬ ಚತುರ್ವಿಧ ಉಪಾಯವನ್ನು ೧೯೭೮ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಪೂರ್ಣ ವಿಶ್ರಾಂತಿಯೂ ಮಂಜುಗಡ್ಡೆಯೂ ಮಾಯುವಿಕೆಯನ್ನು ತಡಮಾಡಬಹುದೆಂದು ೨೦೧೪ರಲ್ಲಿ ಬರೆದರು. ಬಳಸದ ಕೀಲು ಬಿರುಸಾಗುತ್ತದೆ, ಮಾಂಸವು ಕೃಶವಾಗುತ್ತದೆ. ಆದುದರಿಂದ ಮೂರನೆಯ ದಿನದ ಸುಮಾರಿಗೆ, ನೋವು ತಾಳುವಷ್ಟರ ಮಟ್ಟಿಗೆ, ಪಾದವನ್ನು ಮೇಲೆ ಕೆಳಗೆ ಆಡಿಸಬೇಕು; ಗಾಳಿಯಲ್ಲಿ ಹೆಬ್ಬೆರಳಿನಿಂದ ಅಕ್ಷರಮಾಲೆಯನ್ನು ಬರೆಯುವುದು ಒಳ್ಳೆಯ ಅಭ್ಯಾಸ. ಕ್ರಮವಾಗಿ ಕೋಲೂರಿ, ಅನಂತರ ಕೋಲಿಲ್ಲದೆ ನಡೆಯಬೇಕು. ಅಲ್ಪವಾದ ಉಳುಕು ಒಂದೆರಡು ವಾರಗಳಲ್ಲಿ ಗುಣವಾಗುವುದು. ರಜ್ಜುವು ಪೂರ್ತಿಯಾಗಿ ಹರಿದಿದ್ದರೆ ತಿಂಗಳುಗಳೇ ಬೇಕು. ಒಂದು ವಾರವಾದರೂ ನಡಿಗೆ ಸುಧಾರಿಸದಿದ್ದರೆ ಪುನಃ ವೈದ್ಯರನ್ನು ಕಾಣುವುದು.

ಒಮ್ಮೆ ಉಳುಕಿದ ಕಾಲು ಪದೇ ಪದೇ ಉಳುಕುವುದನ್ನು ಎಲ್ಲರೂ ಬಲ್ಲರು. ಇದನ್ನು ಶನಿಕಾಟವೆಂದೆಣಿಸಬೇಕಾಗಿಲ್ಲ. ರಜ್ಜುವಿನಲ್ಲಿರುವ ನರಗಳು ಪಾದದ ಓರೆಕೋರೆಯನ್ನು ಮಿದುಳಿಗೆ ತಿಳಿಸುತ್ತವೆ. ರಜ್ಜುವಿನೊಡನೆ ಅವಕ್ಕೂ ಪೆಟ್ಟಾಗಿರುತ್ತದೆ. ನೋವು ಕಳೆದ ಮೇಲೆ ಗೋಡೆಯ ಬಳಿ ನಿಂತು, ಒಂಟಿಕಾಲಿನ ಮೇಲೆ ಅರ್ಧ ನಿಮಿಷ ಸಮತೋಲನವನ್ನು ಕಾಯ್ದುಕೊಳ್ಳುವ ಅಭ್ಯಾಸವನ್ನು ಪ್ರತಿದಿನ ಕೆಲವು ಸಾರಿ, ಕೆಲವು ವಾರಗಳ ಕಾಲ ಮಾಡಿದರೆ ಮತ್ತೆ ಉಳುಕುವ ಸಂಭವ ಕಡಮೆಯಾಗುತ್ತದೆ. ಹಲ್ಲುಜ್ಜುವ ಹೊತ್ತಿನಲ್ಲಿಯೇ ಇದನ್ನು ಸಾಧಿಸಬಹುದು. ಅಂಗಳದ ಪಾಚಿಯನ್ನು ಕೆರೆಸುವುದು, ಮೆಟ್ಟಿಲ ಮೇಲೆ ದೀಪವಿರಿಸುವುದು, ಸವೆದ ಚಪ್ಪಲಿಯನ್ನು ಬಿಡುವುದು, ಆಟಕ್ಕೆ ಮೊದಲು ಮೈ ಬೆಚ್ಚಗಾಗುವಷ್ಟು ಓಡಾಡುವುದು, ಇವೂ ಚಿಕಿತ್ಸೆಗಿಂತ ಅಗ್ಗದ ಉಪಾಯಗಳು.

ಇನ್ನು ಎಣ್ಣೆಯ ಬಟ್ಟಲು ಹಿಡಿದು ನಿಂತ ಅಜ್ಜಿಯನ್ನು ನಿರಾಶೆಗೊಳಿಸಬೇಕೆ? ಬೇಡ. ಬಾವು ಇಳಿದ ಮೇಲೆ, ಕಾವೂ ಮೃದುವಾದ ಅಭ್ಯಂಗವೂ ಹಿತವನ್ನೇ ಮಾಡುವುವು. "ಇನ್ನೊಂದು ವಾರ ತಾಳಿರಿ, ಅಜ್ಜಿ" ಎಂದರೆ ಸಾಕು.