ಪೊರೆ ಬಿಡುವ ಜೇಡಕ್ಕೆ ತುಸು ಬಿಡುವು ಕೊಡಿ



ಮಳೆಗಾಲ ಕಳೆದ ಮೇಲೆ ಕಾಫಿ ತೋಟದಲ್ಲಿ ಮರದಿಂದ ಮರಕ್ಕೆ ಹೊಂಬಣ್ಣದ ಬಲೆ ಕಟ್ಟುವ ದೊಡ್ಡ ಜೇಡವನ್ನು ತಾವೆಲ್ಲರೂ ಬಲ್ಲಿರಿ. ಅದು ಪೊರೆ ಬಿಡುವುದನ್ನು ನೋಡಿದವರು ವಿರಳ. ಈ ಸಲ ನಾವು ಅದನ್ನು ಕಂಡು ಫೋಟೋ ತೆಗೆದೆವು.

ಜೇಡ ನೂಲು ಹಿಡಿದು ಜೋತುಬೀಳುತ್ತದೆ. ಬೆನ್ನಿನ ಚಿಪ್ಪು ಡಬ್ಬಿಯ ಮುಚ್ಚಳದಂತೆ ಏಳುತ್ತದೆ. ಎಂಟೂ ಕಾಲುಗಳನ್ನು ಹಳೆಯ ಪೊರೆಯಿಂದ ಮೆಲ್ಲಗೆ ಎಳೆದುಕೊಳ್ಳುತ್ತದೆ. ಎಳೆಯ ಜೇಡದ ಮುರಿದ ಕಾಲು ಆಗ ಮತ್ತೆ ಮೂಡುವುದುಂಟು. ಹೊಸ ಮೈ ಗಟ್ಟಿಯಾಗುವವರೆಗೆ ಅದು ಓಡಲಾರದು, ಕಚ್ಚಲಾರದು. ಇರುವೆಗೂ ಸುಲಭದ ತುತ್ತು.

ಫೋಟೋದ ಆಸೆಗೆ ಕೊಂಬೆ ಬಗ್ಗಿಸುವುದು, ಕಡ್ಡಿಯಿಂದ ತಿವಿಯುವುದು ತರವಲ್ಲ. ಕ್ಯಾಮೆರಾಕ್ಕಿಂತಲೂ ನಮ್ಮ ಸ್ಪ್ರೇಯರ್ ಮಾಡುವ ಹಾನಿ ದೊಡ್ಡದು. ಎಂಡೋಸಲ್ಫಾನ್‌ ಬಳಕೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ವಾಡಿಕೆಗೆಂದು ಔಷಧಿ ಹೊಡೆಯುವ ಚಾಳಿ ಮಾತ್ರ ನಮ್ಮನ್ನು ಬಿಟ್ಟಿಲ್ಲ. ಜೇಡ ಮಿತ್ರಕೀಟಗಳನ್ನೂ ತಿನ್ನುತ್ತದೆ, ನಿಜ. ಕಾಂಡಕೊರಕಕ್ಕೆ ಅದು ಮದ್ದಲ್ಲ. ಆದರೂ ಕೂಲಿ ಕೇಳದೆ ಕೀಟ ಹಿಡಿಯುವ ಆಳು ಅದು.

ಕೀಟವನ್ನು ಕಣ್ಣಾರೆ ಕಂಡ ಗಿಡಕ್ಕಷ್ಟೇ ಔಷಧಿ ಹೊಡೆಯೋಣ. ಕಸಿ ಕೆಲಸದವರಿಗೂ ಬಲೆ ಹರಿಯದೆ ಬಳಸಿ ಹೋಗಲು ಹೇಳೋಣ. ಇದಕ್ಕೆ ಸಂಘದಿಂದ ಸಾಲವೂ ಬೇಡ, ಸಹಾಯಧನವೂ ಬೇಡ.