ದವಡೆಯ ಗಂಟಿಗೆ ಕುತ್ತಿಗೆಯ ನಂಟು

ದವಡೆ ಊದಿತೆಂದರೆ ಹಲ್ಲನ್ನೇ ದೂರುವುದು ನಮ್ಮ ರೂಢಿ. ಬಹಳ ಸಲ ಅದು ಸರಿಯೂ ಹೌದು. ಆದರೆ ಹಲ್ಲು ಚೆನ್ನಾಗಿದ್ದೂ ದವಡೆಯಲ್ಲಿ ಗಂಟು ಬೆಳೆದರೆ ಕುತ್ತಿಗೆಯತ್ತಲೂ ಗಮನ ಹರಿಸಬೇಕು. ಅಲ್ಲಿ ಥೈರಾಯ್ಡ್ ಹಿಂಬದಿಗೆ ಸಾಮಾನ್ಯವಾಗಿ 4 ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ಒಂದೊಂದೂ ಅಕ್ಕಿಕಾಳಿನಷ್ಟು. ಇವುಗಳಲ್ಲೊಂದು ಹಾರ್ಮೋನನ್ನು ಅತಿಯಾಗಿ ಸ್ರವಿಸಿದರೆ ಮೂಳೆಯ ಕ್ಯಾಲ್ಸಿಯಂ ಕರಗಿ ರಕ್ತ ಸೇರುತ್ತದೆ. ದವಡೆಯಲ್ಲಿ ‘ಕಂದು ಗೆಡ್ಡೆ’ ಏಳಬಹುದು. ಅದು ಕ್ಯಾನ್ಸರ್ ಅಲ್ಲ, ಹೆದರಬೇಡಿ. ಬಯಾಪ್ಸಿಯಲ್ಲಿ ಇದು ದವಡೆಯದೇ ಆದ ‘ದೈತ್ಯಕೋಶ’ ಗಂಟಿನಂತೆ ಕಾಣುತ್ತದೆ. ಅಂಥ ವರದಿ ಬಂದಾಗ ರಕ್ತದ ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷಿಸದೆ ಶಸ್ತ್ರಚಿಕಿತ್ಸೆಗೆ ಆತುರಪಡುವುದು ತಪ್ಪೆಂದೇ ನನ್ನ ಅಭಿಪ್ರಾಯ. ಮೂತ್ರಪಿಂಡದ ಕಲ್ಲಿನ ಮಾತು ದಂತವೈದ್ಯರಿಗೇಕೆ ಎನ್ನಬೇಡಿ. ಕಲ್ಲು, ಮೂಳೆನೋವು, ಸದಾ ಸುಸ್ತು ಇದ್ದರೆ ತಪ್ಪದೆ ತಿಳಿಸಿ. ಕೆಟ್ಟ ಗ್ರಂಥಿಯನ್ನು ತೆಗೆದ ಮೇಲೆ ದವಡೆಯ ಗಂಟು ಎಷ್ಟೋ ಸಲ ತಾನಾಗಿಯೇ ಕುಗ್ಗುತ್ತದೆ.